ಬಾಗಿಲು ದಾಟಿದ ಮೇಲೆ ಆರರವರೆಗೆ ಎಣಿಕೆ

ಅಮೆರಿಕದ ಪ್ಯಾರಾಟ್ರೂಪರ್ ಅಂದ ಕೂಡಲೇ ಕಣ್ಣಿಗೆ ಕಟ್ಟುವುದು ಆಕಾಶದ ತುಂಬ ಅರಳಿಕೊಂಡ ಕೊಡೆಗಳು. ಲೆಕ್ಕ ಹಾಕಿ ನೋಡಿದರೆ ಒಂದೊಂದು ಜಿಗಿತದಲ್ಲಿ ಕೊಡೆಯ ಕೆಳಗೆ ತೂಗಾಡುವ ಹೊತ್ತು ಸುಮಾರು ಒಂದು ನಿಮಿಷ, ಅಷ್ಟೇ. 65 ಜಿಗಿತ ಮುಗಿಸಿ ಅತ್ಯುನ್ನತ ಮಾಸ್ಟರ್ ಬ್ಯಾಡ್ಜ್ ಗಳಿಸಿದವನು ಕೂಡ ಇಡೀ ನೌಕರಿಯಲ್ಲಿ ಗಾಳಿಯಲ್ಲಿ ಕಳೆದದ್ದು ಹತ್ತಿರ ಹತ್ತಿರ ಒಂದು ಗಂಟೆ. ಉಳಿದ ವರ್ಷಗಳೆಲ್ಲ ಎರಡು ಕೆಲಸಕ್ಕೆ ಹೋಗುತ್ತವೆ. ಒಂದು, ಹೊರೆ ಹೊತ್ತು ನಡೆದು ಕಾದಾಡುವ ಕಾಲಾಳಿನ ಕೆಲಸ. ಇನ್ನೊಂದು, ತಪಾಸಣೆ. ಮೊದಮೊದಲು ಬೇರೆಯವರು ಅವನ ಬಕಲ್ ಮುಟ್ಟಿ ನೋಡುತ್ತಾರೆ. ಕೆಲವು ವರ್ಷ ಕಳೆದ ಮೇಲೆ ಅವನು ಬೇರೆಯವರದ್ದನ್ನು ಮುಟ್ಟಿ ನೋಡುತ್ತಾನೆ. ಈ ನೌಕರಿಯಲ್ಲಿ ನಿಜವಾದ ಬಡ್ತಿ ಅಂದರೆ ಅದೇ ಎಂದು ನನ್ನ ಅಭಿಪ್ರಾಯ. ತೋಳಿನ ಪಟ್ಟಿ ಅದರ ಹಿಂದೆ ಬರುತ್ತದೆ.

ಶುರುವಾಗುವುದು ಕರಾರು ಪತ್ರದಿಂದ. ಪದಾತಿದಳಕ್ಕೆ ಸೇರುವವರು ಸಾಮಾನ್ಯವಾಗಿ "11 ಎಕ್ಸ್" ಎಂಬ ಸಂಕೇತದಡಿ ಸಹಿ ಹಾಕುತ್ತಾರೆ. ತರಬೇತಿಯ ಹೊತ್ತಿನಲ್ಲಿ ಕೆಲವರು 11 ಬಿ, ಅಂದರೆ ರೈಫಲ್ ಹಿಡಿಯುವ ಕಾಲಾಳು ಆಗುತ್ತಾರೆ. ಉಳಿದವರು 11 ಸಿ, ಅಂದರೆ ಮಾರ್ಟರ್ ಹಾರಿಸುವವರು. ಪ್ಯಾರಾಚೂಟ್ ಶಾಲೆ ಬೇಕು ಅನ್ನುವವರು ಅದನ್ನು ಕರಾರಿನಲ್ಲೇ ಬರೆಸಿಕೊಳ್ಳಬೇಕು. ಅದಕ್ಕೆ "ಆಪ್ಷನ್ 4" ಅನ್ನುತ್ತಾರೆ. "ಸೇರಿಕೊ, ಆಮೇಲೆ ಕಳಿಸ್ತೀವಿ" ಎಂಬ ಬಾಯಿಮಾತಿಗೆ ಬೆಲೆಯಿಲ್ಲ. ಕಾಗದದಲ್ಲಿ ಇಲ್ಲದ್ದು ಸಿಕ್ಕರೆ ಅದು ಅದೃಷ್ಟ.

ಜಾರ್ಜಿಯಾ ರಾಜ್ಯದ ಫೋರ್ಟ್ ಬೆನ್ನಿಂಗ್‌ನಲ್ಲಿ ಪದಾತಿದಳದ ಮೂಲ ತರಬೇತಿ 22 ವಾರ. ಹಿಂದೆ ಇದು 14 ವಾರವಿತ್ತು. ಹೆಚ್ಚಿಸಿದ ಎಂಟು ವಾರದ ಬಹುಪಾಲು ಗುಂಡು ಹಾರಿಸುವುದು, ದಿಕ್ಸೂಚಿ ಹಿಡಿದು ದಾರಿ ಹುಡುಕುವುದು, ಗಾಯಾಳುವಿಗೆ ರಕ್ತ ನಿಲ್ಲಿಸುವುದು ಇಂಥವಕ್ಕೇ ಹೋಯಿತು. (ಹಳೆಯ ಬರಹ ಓದುವವರಿಗೆ ಒಂದು ಮಾತು: 2023ರಿಂದ 2025ರವರೆಗೆ ಬೆನ್ನಿಂಗ್‌ಗೆ ಫೋರ್ಟ್ ಮೂರ್ ಎಂದೂ, ಫೋರ್ಟ್ ಬ್ರ್ಯಾಗ್‌ಗೆ ಫೋರ್ಟ್ ಲಿಬರ್ಟಿ ಎಂದೂ ಹೆಸರಿತ್ತು. ಈಗ ಮತ್ತೆ ಹಳೆಯ ಹೆಸರೇ ಬಂದಿದೆ. ಜಾಗ ಅವೇ.)

ಅದೇ ಬೆನ್ನಿಂಗ್‌ನಲ್ಲಿ ಪ್ಯಾರಾಚೂಟ್ ಶಾಲೆಯೂ ಇದೆ. 1940ರ ಬೇಸಿಗೆಯಲ್ಲಿ ಲೆಫ್ಟಿನೆಂಟ್ ವಿಲಿಯಂ ರೈಡರ್ ಮುಂದಾಳತ್ವದಲ್ಲಿ 48 ಸೈನಿಕರ ಪರೀಕ್ಷಾ ಪ್ಲಟೂನ್ ಅಲ್ಲೇ ತಯಾರಾಗಿ ಆಗಸ್ಟ್ 16ರಂದು ಮೊದಲ ಸಲ ವಿಮಾನದಿಂದ ಜಿಗಿಯಿತು. ಇವತ್ತಿನ ಶಾಲೆ ಮೂರು ವಾರದ್ದು: ನೆಲದ ವಾರ, ಗೋಪುರದ ವಾರ, ಜಿಗಿತದ ವಾರ. ಕಲಿಸುವವರು ಕಪ್ಪು ಟೋಪಿ ಹಾಕಿರುತ್ತಾರೆ, ಅವರ ಹೆಸರೂ "ಬ್ಲ್ಯಾಕ್ ಹ್ಯಾಟ್" ಎಂದೇ.

ನೆಲದ ವಾರದ ಮುಖ್ಯ ಪಾಠ ಬೀಳುವುದು. ನಿಂತುಕೊಂಡು ಇಳಿಯುವುದಲ್ಲ, ಕ್ರಮವಾಗಿ ಬೀಳುವುದು. ದೇಹದ ಐದು ಜಾಗ ಒಂದಾದ ಮೇಲೊಂದು ನೆಲ ಮುಟ್ಟಬೇಕು: ಪಾದದ ಮುಂಭಾಗ, ಮೀನಖಂಡದ ಪಕ್ಕ, ತೊಡೆಯ ಪಕ್ಕ, ಕುಂಡೆ, ಕೊನೆಗೆ ಬೆನ್ನಿನ ಪಕ್ಕದ ಅಗಲ ಸ್ನಾಯು. ಪಾದ ಮತ್ತು ಮಂಡಿ ಎರಡೂ ಜೋಡಿಸಿಕೊಂಡು, ಮಂಡಿ ಸ್ವಲ್ಪ ಬಗ್ಗಿಸಿ, ಗದ್ದ ಎದೆಗೆ ಒತ್ತಿ, ಕಣ್ಣು ದಿಗಂತದ ಮೇಲಿಟ್ಟು ಬೀಳಬೇಕು. ಪೆಟ್ಟು ಒಂದೇ ಕೀಲಿನ ಮೇಲೆ ಬೀಳದೆ ದೇಹದ ಉದ್ದಕ್ಕೂ ಹಂಚಿಹೋಗಲಿ ಎಂಬುದು ಉದ್ದೇಶ.

ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದೇ, ಕೆಳಗೆ ನೋಡುವುದು. ನೆಲ ಎದ್ದುಬಂದಂತೆ ಕಂಡ ಕೂಡಲೇ ಕಾಲು ತಾನಾಗಿ ಚಾಚಿಕೊಳ್ಳುತ್ತದೆ. ಮೆಟ್ಟಿಲು ಇಳಿಯುವಾಗ ಕತ್ತಲಲ್ಲಿ ಕಾಲು ನೆಲ ತಡಕುವ ಹಾಗೆ ಒಂದು ಪಾದ ಮುಂದೆ ಹೋಗುತ್ತದೆ. ಇಡೀ ಭಾರ ಆ ಒಂದು ಪಾದದ ಮೇಲೆ ಕೂತು ಹಿಮ್ಮಡಿಗಂಟು ಮುರಿಯುತ್ತದೆ. ಕೈ ಊರಲು ಹೋದವನಿಗೆ ಮಣಿಕಟ್ಟು, ಹಿಂದಕ್ಕೆ ಬಿದ್ದು ಗದ್ದ ಒತ್ತದವನಿಗೆ ತಲೆ. ಅದಕ್ಕೇ ಹೊಟ್ಟು ತುಂಬಿದ ಗುಂಡಿಯ ಅಂಚಿನಿಂದ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಮುಂದಕ್ಕೆ ದಿನವಿಡೀ ಬೀಳಿಸುತ್ತಾರೆ. ಶಾಲೆ ಮುಗಿದ ಮೇಲೂ ಇದು ತಪ್ಪುವುದಿಲ್ಲ. ನೌಕರಿಯ ಕೊನೆಯ ಜಿಗಿತದ ದಿನವೂ ವಿಮಾನ ಹತ್ತುವ ಮುಂಚೆ ಬೀಳುವ ಅಭ್ಯಾಸ ಮಾಡಲೇಬೇಕು, ಕರ್ನಲ್ ಆದರೂ ಅಷ್ಟೇ.

ಜೊತೆಗೆ 34 ಅಡಿ ಗೋಪುರವಿದೆ. ಸುಮಾರು ಮೂರು ಮಹಡಿಯ ಎತ್ತರದ ಬಾಗಿಲಿನಿಂದ ಜಿಗಿದು ತಂತಿಯ ಮೇಲೆ ಜಾರಿಹೋಗುವುದು. ಇಲ್ಲಿ ಪರೀಕ್ಷೆಯಾಗುವುದು ಬಾಗಿಲು ದಾಟುವ ಭಂಗಿ: ಮೊಣಕೈ ಪಕ್ಕೆಗೆ ಒತ್ತಿದೆಯೇ, ಪಾದ ಜೋಡಿದೆಯೇ, ಜೋರಾಗಿ ಎಣಿಸುತ್ತಿದ್ದಾನೆಯೇ. "ಒಂದು ಸಾವಿರ, ಎರಡು ಸಾವಿರ..." ಎಂದು ಆರು ಸಾವಿರದವರೆಗೆ ಕೂಗಬೇಕು. ಒಂದೊಂದು "ಸಾವಿರ"ಕ್ಕೆ ಒಂದು ಸೆಕೆಂಡು. ಹಳೆಯ ಟಿ-10 ಪ್ಯಾರಾಚೂಟ್‌ಗೆ ನಾಲ್ಕರವರೆಗೆ ಎಣಿಸಿದರೆ ಸಾಕಿತ್ತು. ಈಗಿನ ಟಿ-11 ನಿಧಾನವಾಗಿ ಅರಳುವುದರಿಂದ ಆರು. ಆರು ಮುಗಿದರೂ ಭುಜಕ್ಕೆ ಜಗ್ಗಿದ ಅನುಭವವಾಗದಿದ್ದರೆ ಹೊಟ್ಟೆಯ ಮೇಲಿರುವ ಮೀಸಲು ಪ್ಯಾರಾಚೂಟ್‌ನ ಹಿಡಿ ಎಳೆಯಬೇಕು. ಎಣಿಸದವನಿಗೆ ಹೊತ್ತಿನ ಅಳತೆ ತಪ್ಪುತ್ತದೆ. ಹೆದರಿದ ಮನಸ್ಸಿಗೆ ಎರಡು ಸೆಕೆಂಡು ಹತ್ತರಂತೆ ಅನಿಸುತ್ತದೆ, ಕೆಲವರಿಗೆ ಹತ್ತು ಎರಡರಂತೆ.

ಟಿ-10ರಿಂದ ಟಿ-11ಕ್ಕೆ ಬದಲಾದದ್ದು ಕಾಲಾಳಿನ ಮಂಡಿಗೆ ಸಿಕ್ಕ ದೊಡ್ಡ ಉಪಕಾರ. ಹಳೆಯದು ದುಂಡನೆಯದು, ಸೆಕೆಂಡಿಗೆ ಸುಮಾರು 23 ಅಡಿ ವೇಗದಲ್ಲಿ ಇಳಿಸುತ್ತಿತ್ತು. ಹೊಸದು ಶಿಲುಬೆಯಾಕಾರಕ್ಕೆ ಹತ್ತಿರ, ದೊಡ್ಡದು, ಸುಮಾರು 19 ಅಡಿ ವೇಗ. ನಾಲ್ಕು ಅಡಿಯ ವ್ಯತ್ಯಾಸ ಅಂದರೆ ಏನು ಮಹಾ ಅನಿಸಬಹುದು. ಆದರೆ ಪೆಟ್ಟಿನ ಶಕ್ತಿ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. ಹಳೆಯದರಲ್ಲಿ ಇಳಿಯುವುದು ಎರಡೂವರೆ ಮೀಟರ್ ಗೋಡೆಯಿಂದ ಹಾರಿದಂತೆ, ಹೊಸದರಲ್ಲಿ 1.7 ಮೀಟರ್ ಗೋಡೆಯಿಂದ ಹಾರಿದಂತೆ. ಅದೂ ಬೆನ್ನ ಮೇಲೆ ಹೊರೆಯಿಟ್ಟುಕೊಂಡು. ಮುಖ್ಯ ಪ್ಯಾರಾಚೂಟ್ ಸುಮಾರು 17 ಕಿಲೋ, ಮೀಸಲು ಸುಮಾರು 7 ಕಿಲೋ. ಮನುಷ್ಯ, ಗಂಟುಮೂಟೆ, ಆಯುಧ, ಪ್ಯಾರಾಚೂಟ್ ಎಲ್ಲ ಸೇರಿ 400 ಪೌಂಡ್, ಅಂದರೆ 181 ಕಿಲೋ ಮೀರುವಂತಿಲ್ಲ.

ಮೂರನೆಯ ವಾರ 1,250 ಅಡಿ ಎತ್ತರದಿಂದ ಐದು ಜಿಗಿತ. ಐದನೆಯದು ಮುಗಿದ ಮೇಲೆ ಎದೆಗೆ ಬೆಳ್ಳಿ ರೆಕ್ಕೆ. 1941ರಲ್ಲಿ ಕ್ಯಾಪ್ಟನ್ ವಿಲಿಯಂ ಯಾರ್ಬರೋ ಬಿಡಿಸಿದ ಅದೇ ವಿನ್ಯಾಸ ಇಂದಿಗೂ ಇದೆ. ಬೇರೆ ಕಚೇರಿ ಕೆಲಸಕ್ಕೆ ಹೋಗುವವರು ಈ ಐದಕ್ಕೇ ನಿಲ್ಲುತ್ತಾರೆ. ಪ್ಯಾರಾ ಪಡೆಯ ಕಾಲಾಳಿಗೆ ಅಲ್ಲಿಂದ ಶುರು.

ಅವನು ಹೋಗುವ ಜಾಗಗಳು ಕೆಲವೇ. ಉತ್ತರ ಕೆರೊಲಿನಾದ ಫೋರ್ಟ್ ಬ್ರ್ಯಾಗ್‌ನಲ್ಲಿ 82ನೇ ಏರ್‌ಬೋರ್ನ್ ಡಿವಿಷನ್, ಇಟಲಿಯ ವಿಚೆಂಜಾದಲ್ಲಿ 173ನೇ ಬ್ರಿಗೇಡ್, 2022ರಲ್ಲಿ ಮತ್ತೆ ಜೀವ ಪಡೆದ ಅಲಾಸ್ಕಾದ 11ನೇ ಡಿವಿಷನ್. ಬೇರೆ ಆಯ್ಕೆ ಪರೀಕ್ಷೆ ಪಾಸಾದವರಿಗೆ 75ನೇ ರೇಂಜರ್ ರೆಜಿಮೆಂಟ್. 101ನೇ ಡಿವಿಷನ್ ಹೆಸರಿನಲ್ಲಿ ಏರ್‌ಬೋರ್ನ್ ಇದ್ದರೂ ಅವರದ್ದು ಈಗ ಹೆಲಿಕಾಪ್ಟರ್ ಕೆಲಸ. ಪ್ಯಾರಾಚೂಟ್ ಇಲ್ಲದ ಸೈನಿಕರನ್ನು ಇವರು "ಲೆಗ್" ಎಂದು ಕರೆಯುತ್ತಾರೆ, ಕಾಲು ಅಂತ. ನಮ್ಮ ಕನ್ನಡದ "ಕಾಲಾಳು" ಪದದಲ್ಲಿ ಅದೇ ಕಾಲು ಗೌರವದಿಂದ ಕೂತಿದೆ. ನೆಲಕ್ಕಿಳಿದ ಮೇಲೆ ಪ್ಯಾರಾಟ್ರೂಪರ್ ಕೂಡ ಅಪ್ಪಟ ಕಾಲಾಳೇ ಎಂಬುದನ್ನು ನೆನೆದರೆ ನಮ್ಮ ಪದವೇ ಹೆಚ್ಚು ಸರಿ ಅನಿಸುತ್ತದೆ.

ಬ್ರ್ಯಾಗ್‌ನಲ್ಲಿ ಒಂದು ಜಿಗಿತದ ದಿನ ಹೇಗಿರುತ್ತದೆ ಎಂದು ಸ್ವಲ್ಪ ವಿವರವಾಗಿ ನೋಡೋಣ. ಅಲ್ಲಿಯ ಇಳಿಯುವ ಬಯಲುಗಳಿಗೆ ಸಿಸಿಲಿ, ಸಲೆರ್ನೋ, ನಾರ್ಮಂಡಿ, ಹಾಲೆಂಡ್ ಎಂದು ಹಳೆಯ ಯುದ್ಧಗಳ ಹೆಸರು. ಬೆಳಿಗ್ಗೆ ಹಾಜರಿ, ಯಾರು ಯಾವ ವಿಮಾನ, ಯಾವ ಬಾಗಿಲು, ಎಷ್ಟನೆಯವರು ಎಂಬ ಪಟ್ಟಿ. ಆಮೇಲೆ ಜಂಪ್‌ಮಾಸ್ಟರ್ (ಅಂದರೆ ಜಿಗಿತದ ಮೇಲ್ವಿಚಾರಕ) ಒಬ್ಬರು ಪೂರ್ತಿ ಸೂಚನೆಯನ್ನು ಬಾಯಿಪಾಠವಾಗಿ ಒಪ್ಪಿಸುತ್ತಾರೆ: ಜಿಗಿತದ ಐದು ಹಂತ, ಕೊಡೆ ಸಿಕ್ಕಿಹಾಕಿಕೊಂಡರೆ ಏನು, ಮರಕ್ಕೆ ಬಿದ್ದರೆ ಏನು, ವಿದ್ಯುತ್ ತಂತಿಗೆ, ನೀರಿಗೆ ಬಿದ್ದರೆ ಏನು. ಪದವೊಂದು ಆಚೀಚೆ ಆಗುವಂತಿಲ್ಲ. ಕೇಳುವವರಿಗೂ ಬಾಯಿಪಾಠ, ಮಗ್ಗಿ ಹೇಳಿದಂತೆ ಒಟ್ಟಿಗೆ ಉತ್ತರ ಕೊಡುತ್ತಾರೆ. ಗಾಬರಿಯಲ್ಲಿ ಬುದ್ಧಿ ಯೋಚಿಸುವುದಿಲ್ಲ, ಬಾಯಿಗೆ ಬಂದದ್ದನ್ನೇ ಕೈ ಮಾಡುತ್ತದೆ ಎಂಬುದು ಇದರ ಹಿಂದಿನ ತಿಳಿವಳಿಕೆ.

ಆಮೇಲೆ ಪ್ಯಾರಾಚೂಟ್ ತೆಗೆದುಕೊಂಡು ಕಟ್ಟಿಕೊಳ್ಳುವುದು. ಮಡಿಸಿ ಕೊಡುವವರು ರಿಗ್ಗರ್‌ಗಳು, ಕೆಂಪು ಟೋಪಿಯವರು. ತಾನು ಮಡಿಸಿದ ಯಾವ ಪ್ಯಾರಾಚೂಟನ್ನಾದರೂ ತೊಟ್ಟು ಜಿಗಿಯಲು ರಿಗ್ಗರ್ ಸಿದ್ಧನಿರಬೇಕೆಂಬುದು ಅವರ ಪ್ರತಿಜ್ಞೆ. ಪ್ರತಿ ಪ್ಯಾರಾಚೂಟ್‌ನ ಒಂದು ಪುಟ್ಟ ಜೇಬಿನಲ್ಲಿ ಅದರ ದಾಖಲೆ ಪುಸ್ತಕವಿರುತ್ತದೆ. ಯಾರು ಮಡಿಸಿದರು, ಯಾರು ಪರೀಕ್ಷಿಸಿದರು ಎಂಬುದು ಅದರಲ್ಲಿದೆ.

ಸೈನಿಕರು ಜೋಡಿಯಾಗಿ ಒಬ್ಬರಿಗೊಬ್ಬರು ಕಟ್ಟಿಕೊಳ್ಳುತ್ತಾರೆ. ಬೆನ್ನಿಗೆ ಮುಖ್ಯ ಪ್ಯಾರಾಚೂಟ್, ಹೊಟ್ಟೆಗೆ ಮೀಸಲು, ಅದರ ಕೆಳಗೆ ತೊಡೆಯ ಮುಂದೆ ನೇತಾಡುವ ಬೆನ್ನುಚೀಲ, ಎಡಪಕ್ಕಕ್ಕೆ ಆಯುಧದ ಚೀಲ. ಚೀಲ ಮೂವತ್ತು ನಲವತ್ತು ಕಿಲೋ ತೂಗುವುದು ಮಾಮೂಲು. ನಡೆಯಲು ಆಗುವುದಿಲ್ಲ, ಬಾತುಕೋಳಿಯಂತೆ ತೂಗಾಡಿಕೊಂಡು ಸಾಗಬೇಕು.

ಆಗ ಜಂಪ್‌ಮಾಸ್ಟರ್ ಎದುರಿಗೆ ಬಂದು ನಿಲ್ಲುತ್ತಾನೆ. ಮೊದಲು ಹೆಲ್ಮೆಟ್. ಎರಡೂ ಕೈ ಅಂಚಿನ ಸುತ್ತ ಸುಳಿದು ಗದ್ದದ ಪಟ್ಟಿಗೆ ಬರುತ್ತವೆ. ಅಲ್ಲಿಂದ ಭುಜದ ಎರಡು ಬಿಡುಗಡೆ ಕೊಂಡಿ, ಎದೆಪಟ್ಟಿ, ಮೀಸಲಿನ ಹಿಡಿ, ಸೊಂಟಪಟ್ಟಿ, ಆಮೇಲೆ ಕಾಲುಪಟ್ಟಿ. ಸೈನಿಕ ತಿರುಗಿದ ಮೇಲೆ ಬೆನ್ನು: ಪ್ಯಾರಾಚೂಟನ್ನು ವಿಮಾನಕ್ಕೆ ಜೋಡಿಸುವ ಪಟ್ಟಿ, ಅಂದರೆ ಸ್ಟ್ಯಾಟಿಕ್ ಲೈನ್, ಎಲ್ಲಿಂದ ಹೊರಟು ಎಲ್ಲಿ ಹಾದು ಚೀಲದೊಳಗೆ ಹೋಗುತ್ತದೆ ಎಂಬುದನ್ನು ಬೆರಳಿನಲ್ಲಿ ಹಿಂಬಾಲಿಸಬೇಕು. ಕೈ ಎಲ್ಲಿದೆಯೋ ಕಣ್ಣೂ ಅಲ್ಲೇ ಇರಬೇಕು. ಪಟ್ಟಿ ಒಂದು ಸುತ್ತು ತಿರುಚಿದ್ದರೆ, ಬಕಲ್ ಅರ್ಧ ಮಾತ್ರ ಕೂತಿದ್ದರೆ, ಸ್ಟ್ಯಾಟಿಕ್ ಲೈನ್ ತೋಳಿನ ಪಟ್ಟಿಯ ಕೆಳಗೆ ಹಾದಿದ್ದರೆ ಅಲ್ಲೇ ಸಿಗಬೇಕು, ಮುಂದೆ ಸಿಗುವ ಜಾಗವಿಲ್ಲ. ತಪಾಸಣೆ ಮುಗಿದ ಮೇಲೆ ಸೈನಿಕ ತನ್ನ ಯಾವ ಬಕಲನ್ನೂ ಮುಟ್ಟುವಂತಿಲ್ಲ. ಶೌಚಕ್ಕೆಂದು ಬಿಚ್ಚಿದರೂ ತಪಾಸಣೆ ಮೊದಲಿಂದ. ಅದಕ್ಕೇ ಅನುಭವಸ್ಥರು ಕಟ್ಟಿಕೊಳ್ಳುವ ಮುಂಚೆ ನೀರಿನ ಲೆಕ್ಕ ನೋಡಿಕೊಂಡಿರುತ್ತಾರೆ, ಏಕೆಂದರೆ ಹಾಗೇ ಕಟ್ಟಿಕೊಂಡು ಬೆಂಚಿನ ಮೇಲೆ ಎರಡು ಮೂರು ಗಂಟೆ ಕಾಯುವುದು ಅಪರೂಪವಲ್ಲ.

ಆ ಕಾಯುವ ಹೊತ್ತೂ ಸುರಕ್ಷಿತವೆಂದಲ್ಲ. 1994ರ ಮಾರ್ಚ್ 23ರಂದು ಬ್ರ್ಯಾಗ್ ಪಕ್ಕದ ಪೋಪ್ ವಾಯುನೆಲೆಯಲ್ಲಿ ಎಫ್-16 ಯುದ್ಧವಿಮಾನವೊಂದು ಇಳಿಯುತ್ತಿದ್ದ ಸಿ-130 ಸಾಗಣೆ ವಿಮಾನಕ್ಕೆ ಗಾಳಿಯಲ್ಲಿ ತಾಗಿತು. ಅದರ ಅವಶೇಷ ನಿಂತಿದ್ದ ಸಿ-141 ಸಾಗಣೆ ವಿಮಾನಕ್ಕೆ ಬಡಿದು, ಇಂಧನ ಹೊತ್ತಿಕೊಂಡು, ಪಕ್ಕದಲ್ಲಿ ಜಿಗಿತಕ್ಕೆ ಸಿದ್ಧವಾಗುತ್ತಿದ್ದ ಸೈನಿಕರ ಮೇಲೆ ಬೆಂಕಿಯ ಉಂಡೆ ಬಂತು. 24 ಜನ ತೀರಿಕೊಂಡರು. ಗ್ರೀನ್ ರ‍್ಯಾಂಪ್ ಎಂಬ ಆ ಜಾಗದ ಹೆಸರು ಪ್ಯಾರಾ ಪಡೆಯಲ್ಲಿ ಇಂದಿಗೂ ತಗ್ಗಿದ ದನಿಯಲ್ಲೇ ಬರುತ್ತದೆ.

ವಿಮಾನದೊಳಗೆ 20 ನಿಮಿಷ, 10 ನಿಮಿಷ ಎಂಬ ಎಚ್ಚರಿಕೆ. ಆಮೇಲೆ ಜಂಪ್‌ಮಾಸ್ಟರ್ ಕೂಗುತ್ತಾ ಕೈಸನ್ನೆಯಲ್ಲೂ ತೋರಿಸುತ್ತಾನೆ, ಎಂಜಿನ್ ಸದ್ದಿನಲ್ಲಿ ಮಾತು ಕೇಳುವುದಿಲ್ಲ: ಸಿದ್ಧರಾಗಿ, ಗೋಡೆ ಪಕ್ಕದವರು ಏಳಿ, ಒಳಗಿನ ಸಾಲಿನವರು ಏಳಿ, ಕೊಕ್ಕೆ ಹಾಕಿ, ಸ್ಟ್ಯಾಟಿಕ್ ಲೈನ್ ನೋಡಿ, ಸಲಕರಣೆ ನೋಡಿ, ಸರಿಯಿದೆಯೆಂದು ಕೂಗಿ. ಕಟ್ಟಕಡೆಯವನು ಮುಂದಿನವನನ್ನು ತಟ್ಟಿ "ಓಕೆ" ಅನ್ನುತ್ತಾನೆ, ಅದು ಒಬ್ಬರಿಂದೊಬ್ಬರಿಗೆ ಹರಿದು ಮುಂದೆ ಬರುತ್ತದೆ, ಮೊದಲನೆಯವನು ಜಂಪ್‌ಮಾಸ್ಟರ್‌ಗೆ ಕೈ ತೋರಿಸಿ "ಎಲ್ಲ ಓಕೆ" ಎಂದು ಒಪ್ಪಿಸುತ್ತಾನೆ. ಇಲ್ಲೂ ಗಮನಿಸಿ, ತನ್ನ ಬೆನ್ನು ತನಗೆ ಕಾಣುವುದಿಲ್ಲ, ಹಿಂದಿನವನೇ ನೋಡಬೇಕು.

ಸ್ಟ್ಯಾಟಿಕ್ ಲೈನ್ ಎಂದರೆ ಒಂದು ಗಟ್ಟಿ ಪಟ್ಟಿ. ಒಂದು ತುದಿ ವಿಮಾನದ ಉದ್ದಕ್ಕೆ ಎಳೆದ ಉಕ್ಕಿನ ತಂತಿಗೆ, ಇನ್ನೊಂದು ತುದಿ ಪ್ಯಾರಾಚೂಟಿಗೆ. ಉದ್ದ 15 ಅಡಿ. ಸಿ-17 ವಿಮಾನಕ್ಕಾದರೆ 5 ಅಡಿ ಹೆಚ್ಚುವರಿ. ಜಿಗಿದವನ ಭಾರಕ್ಕೇ ಅದು ಬಿಗಿದು ಪ್ಯಾರಾಚೂಟನ್ನು ಹೊರಗೆಳೆಯುತ್ತದೆ, ಸೈನಿಕ ಯಾವ ಹಗ್ಗವನ್ನೂ ಎಳೆಯಬೇಕಿಲ್ಲ. ಬಾಗಿಲ ಬಳಿ ಬಂದಾಗ ಆ ಲೈನನ್ನು ಅಲ್ಲಿ ನಿಂತ "ಸೇಫ್ಟಿ"ಯ, ಅಂದರೆ ಸುರಕ್ಷತೆ ನೋಡಿಕೊಳ್ಳುವವನ, ಕೈಗೆ ಕೊಟ್ಟು, ಎರಡೂ ಕೈ ಮೀಸಲಿನ ಪಕ್ಕಕ್ಕೆ ತಂದು, ತಿರುಗಿ ಹೊರಗೆ. ಇಲ್ಲೇ ಕೆಡುವುದು ಹೆಚ್ಚು. ಅವಸರದಲ್ಲಿ ಲೈನ್ ತೋಳಿನ ಕೆಳಗೆ ಸಿಕ್ಕಿದ್ದರೆ, ಅಥವಾ ಕೈಯಲ್ಲಿ ಸಡಿಲ ಸುರುಳಿ ಉಳಿದು ತೋಳಿಗೆ ಸುತ್ತಿಕೊಂಡರೆ, ಅದು ಬಿಗಿಯುವ ಕ್ಷಣಕ್ಕೆ ತೋಳಿನ ಮುಂಭಾಗದ ಸ್ನಾಯುವೇ ಹರಿದುಹೋಗುತ್ತದೆ. ಪ್ಯಾರಾ ಪಡೆಯ ವೈದ್ಯರಿಗೆ ಚೆನ್ನಾಗಿ ಪರಿಚಯವಿರುವ ಗಾಯ ಇದು.

ಇನ್ನೊಂದು, ವಿಮಾನಕ್ಕೇ ನೇತುಬೀಳುವುದು. ಲೈನ್ ಬಿಡದೆ ಸೈನಿಕನನ್ನು ವಿಮಾನ ಎಳೆದುಕೊಂಡು ಹೋಗುತ್ತದೆ. ಆಗ ದೇಹ ಬಿಗಿಹಿಡಿದು ಮೀಸಲಿನ ಹಿಡಿಯನ್ನು ಎರಡೂ ಕೈಯಿಂದ ಮುಚ್ಚಿಕೊಳ್ಳಬೇಕು, ಯಾವ ಕಾರಣಕ್ಕೂ ಎಳೆಯಬಾರದು. ಒಂದು ಕಡೆ ವಿಮಾನ, ಇನ್ನೊಂದು ಕಡೆ ಅರಳಿದ ಕೊಡೆ, ನಡುವೆ ಮನುಷ್ಯ ಎಂದಾದರೆ ದೇಹ ತಡೆಯುವುದಿಲ್ಲ. ಒಳಗಿನವರು ಯಂತ್ರದಿಂದ ಹಿಂದಕ್ಕೆ ಎಳೆದುಕೊಳ್ಳುತ್ತಾರೆ.

ಕೊಡೆ ಅರಳಿದ ಮೇಲಿನ ಅಪಾಯ ನೆರೆಯವರದ್ದು. ಮೇಲಿರುವವನು ಸರಿಯಾಗಿ ಇನ್ನೊಬ್ಬನ ಕೊಡೆಯ ಮೇಲೆ ಬಂದರೆ ಅವನಿಗೆ ಸಿಗುವುದು ಕಲಕಿದ ಗಾಳಿ. ಅವನ ಕೊಡೆ ಕುಸಿದು ಕೆಳಗಿನವನನ್ನು ದಾಟಿ ಬೀಳುತ್ತಾನೆ; ಈಗ ಕೆಳಗಿನವನು ಮೇಲಾಗಿ ಅವನಿಗೂ ಅದೇ ಗತಿ. ಹೀಗೆ ಒಬ್ಬರ ಮೇಲೊಬ್ಬರು ಕುಪ್ಪಳಿಸಿಕೊಂಡು ನೆಲಕ್ಕೆ ಬರುತ್ತಾರೆ. ಅದಕ್ಕೆ ನಿಯಮ: ಕೆಳಗಿರುವವನಿಗೆ ದಾರಿ ಬಿಡಬೇಕು, ಮೇಲಿರುವವನು ಪಟ್ಟಿ ಎಳೆದು ಪಕ್ಕಕ್ಕೆ ಸರಿಯಬೇಕು. ಎರಡೂ ಬಾಗಿಲಿನಿಂದ ಒಂದೇ ಕ್ಷಣಕ್ಕೆ ಇಬ್ಬರು ಜಿಗಿಯದಂತೆ ಅರ್ಧರ್ಧ ಸೆಕೆಂಡ್ ಹಿಂದುಮುಂದು ಬಿಡುವುದೂ ಇದೇ ಕಾರಣಕ್ಕೆ.

ನೆಲ ಸುಮಾರು 200 ಅಡಿ ಇರುವಾಗ ಬೆನ್ನುಚೀಲದ ಕೊಂಡಿ ಬಿಡಬೇಕು. ಅದು 15 ಅಡಿ ಪಟ್ಟಿಯಲ್ಲಿ ಕೆಳಗೆ ನೇತಾಡಿ ಮೊದಲು ನೆಲ ಮುಟ್ಟುತ್ತದೆ. ಮರೆತವನು ನಲವತ್ತು ಕಿಲೋ ತೊಡೆಗೆ ಕಟ್ಟಿಕೊಂಡೇ ಇಳಿಯುತ್ತಾನೆ, ಕಾಲು ಬಗ್ಗುವುದಿಲ್ಲ, ಬೀಳುವ ಪಾಠವೆಲ್ಲ ವ್ಯರ್ಥ. ಕೆಳಗೆ ಇನ್ನೊಬ್ಬ ಸೈನಿಕನಿದ್ದರೆ ಮಾತ್ರ ಬಿಡುವಂತಿಲ್ಲ. ಬಿದ್ದ ಕೂಡಲೇ ಒಂದು ಭುಜದ ಕೊಂಡಿ ಕಳಚಬೇಕು, ಇಲ್ಲದಿದ್ದರೆ ಗಾಳಿ ತುಂಬಿದ ಕೊಡೆ ಬಯಲುದ್ದಕ್ಕೂ ಎಳೆದಾಡುತ್ತದೆ. ಅಭ್ಯಾಸ ಜಿಗಿತಕ್ಕೆ ನೆಲದ ಗಾಳಿ 13 ನಾಟ್ (ಗಂಟೆಗೆ ಸುಮಾರು 24 ಕಿಲೋಮೀಟರ್) ಮೀರಬಾರದು ಎಂದು ಮಿತಿಯಿಟ್ಟಿರುವುದು ಇದಕ್ಕೇ.

ಈ ಎಲ್ಲದರ ಹಿಂದೆ ಸರಳ ಗುಣಾಕಾರವಿದೆ, ಸಾರ್ಜೆಂಟ್ ಆಗುವವನು ಕಲಿಯಲೇಬೇಕಾದದ್ದು. ವಿಮಾನದ ವೇಗ 130 ನಾಟ್, ಅಂದರೆ ಸೆಕೆಂಡಿಗೆ 67 ಮೀಟರ್. ಒಂದು ಬಾಗಿಲಿನಿಂದ ಸೆಕೆಂಡಿಗೊಬ್ಬರು. ಸಿ-17ರಲ್ಲಿ 102 ಜನ, ಬಾಗಿಲಿಗೆ 51. ಮೊದಲನೆಯವನಿಗೂ 51ನೆಯವನಿಗೂ ನಡುವೆ 3 ಕಿಲೋಮೀಟರಿಗೂ ಹೆಚ್ಚು. ಬಯಲು ಅಷ್ಟು ಉದ್ದವಿಲ್ಲದಿದ್ದರೆ ಉಳಿದವರು ಮರದ ಮೇಲೆ, ಇಲ್ಲವೇ ವಿಮಾನ ಇನ್ನೊಂದು ಸುತ್ತು ಹಾಕಬೇಕು. ಬಾಗಿಲಲ್ಲಿ ಒಬ್ಬ ಎಡವಿ ಮೂರು ಸೆಕೆಂಡು ತಡ ಮಾಡಿದರೆ ಹಿಂದಿನವರೆಲ್ಲ 200 ಮೀಟರ್ ಆಚೆ.

ಗಾಳಿಯ ಲೆಕ್ಕವೂ ಅಷ್ಟೇ ಸರಳ: 3 ಗುಣಿಸು ನೂರು ಅಡಿಗಳಲ್ಲಿ ಎತ್ತರ ಗುಣಿಸು ನಾಟ್‌ಗಳಲ್ಲಿ ಗಾಳಿ, ಬಂದದ್ದು ಮೀಟರ್. 10 ನಾಟ್ ಗಾಳಿಯಲ್ಲಿ 1,250 ಅಡಿಯಿಂದ ಜಿಗಿದರೆ 375 ಮೀಟರ್ ತೇಲುತ್ತಾರೆ, 800 ಅಡಿಯಿಂದಾದರೆ 240. ಕೆಳಗಿನಿಂದ ಜಿಗಿದಷ್ಟೂ ಚದುರುವುದು ಕಡಿಮೆ, ಶತ್ರುವಿನ ಗುಂಡಿಗೆ ಸಿಗುವ ಹೊತ್ತೂ ಕಡಿಮೆ. ಆದರೆ ಮೀಸಲು ಅರಳಲು ಇರುವ ಹೊತ್ತೂ ಕಡಿಮೆ. 1983ರಲ್ಲಿ ಗ್ರೆನೆಡಾದ ವಿಮಾನ ನಿಲ್ದಾಣದ ಮೇಲೆ ರೇಂಜರ್‌ಗಳು 500 ಅಡಿಯಿಂದ ಜಿಗಿದರು.

ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ 1943ರ ಜುಲೈ 9ರ ಸಿಸಿಲಿಯ ರಾತ್ರಿ ಸಾಕು. ಜೋರು ಗಾಳಿಯಲ್ಲಿ ಜೇಮ್ಸ್ ಗ್ಯಾವಿನ್‌ರ 505ನೇ ರೆಜಿಮೆಂಟ್ ದ್ವೀಪದ ತುಂಬ ಚೆಲ್ಲಾಪಿಲ್ಲಿಯಾಯಿತು. ಎರಡು ರಾತ್ರಿ ಕಳೆದು 504ನೇ ರೆಜಿಮೆಂಟನ್ನು ಹೊತ್ತು ಬಂದ 144 ವಿಮಾನಗಳ ಮೇಲೆ ತಮ್ಮವರೇ ಗುಂಡು ಹಾರಿಸಿದರು, 23 ವಿಮಾನ ಉರುಳಿದವು. ಜರ್ಮನ್ ವಿಮಾನಗಳ ದಾಳಿ ಆಗಷ್ಟೇ ಮುಗಿದಿತ್ತು, ಕೆಳಗಿದ್ದ ಫಿರಂಗಿಯವರಿಗೆ ಮುಂದೆ ಬಂದದ್ದು ಯಾರೆಂದು ತಿಳಿಯಲಿಲ್ಲ. ಮರುವರ್ಷ ನಾರ್ಮಂಡಿಯಲ್ಲೂ ಚದುರಿದರು. ಆದರೆ ಎಲ್ಲಿ ಬಿದ್ದರೋ ಅಲ್ಲೇ ಸಿಕ್ಕವರು ಸಣ್ಣ ಗುಂಪು ಕಟ್ಟಿಕೊಂಡು ಹತ್ತಿರದ ಸೇತುವೆ, ಹತ್ತಿರದ ಅಡ್ಡರಸ್ತೆ ಹಿಡಿದರು. ಅಲ್ಲಿಂದ ಉಳಿದ ಪದ್ಧತಿ ಎಂದರೆ, ಯೋಜನೆ ಕೊನೆಯ ಸೈನಿಕನಿಗೂ ಗೊತ್ತಿರಬೇಕು. ಮಣ್ಣಿನಲ್ಲಿ ಬಯಲಿನ ಮಾದರಿ ಮಾಡಿ ಹೊಸಬನಿಂದಲೂ ಗುರಿ ಹೇಳಿಸುತ್ತಾರೆ. ಯೋಜನೆ ಹಾಕುವುದೂ ಹಿಂದುಮುಂದಾಗಿ: ಮೊದಲು ನೆಲದ ಮೇಲಿನ ಕಾದಾಟ, ಅದಕ್ಕೆ ತಕ್ಕಂತೆ ಎಲ್ಲಿ ಇಳಿಯುವುದು, ಅದಕ್ಕೆ ತಕ್ಕಂತೆ ಹಾರಾಟ, ಕೊನೆಗೆ ಯಾರು ಎಲ್ಲಿ ಸೇರಿ ವಿಮಾನ ಹತ್ತುವುದು.

ನೆಲದ ಮೇಲೆ ಅವನು ಯಾವ ಪದಾತಿ ಸೈನಿಕನಿಗೂ ಬೇರೆಯಲ್ಲ. ಒಂಬತ್ತು ಜನರ ಸ್ಕ್ವಾಡ್, ಅದರೊಳಗೆ ನಾಲ್ಕು ನಾಲ್ಕು ಜನರ ಎರಡು ತಂಡ. ಮೂರು ಸ್ಕ್ವಾಡ್ ಜೊತೆಗೆ ಮೆಷಿನ್‌ಗನ್ ಮತ್ತು ಜಾವೆಲಿನ್ ಕ್ಷಿಪಣಿಯ ಒಂದು ಸ್ಕ್ವಾಡ್ ಸೇರಿ ಪ್ಲಟೂನ್. ವ್ಯತ್ಯಾಸವೊಂದೇ, ಟ್ಯಾಂಕ್ ಆಗಲಿ ಕವಚದ ಗಾಡಿಯಾಗಲಿ ಜೊತೆಗೆ ಬರುವುದಿಲ್ಲ. ಬೆನ್ನ ಮೇಲಿದ್ದದ್ದೇ ಬಂಡವಾಳ. ಅದಕ್ಕೇ ಹೊರೆ ಹೊತ್ತು ನಡೆಯುವುದಕ್ಕೆ ಅಷ್ಟು ಬೆಲೆ. ಪರಿಣತ ಪದಾತಿ ಬ್ಯಾಡ್ಜ್ ಪರೀಕ್ಷೆಯ ಕೊನೆಯಲ್ಲಿ 12 ಮೈಲಿ, ಅಂದರೆ 19 ಕಿಲೋಮೀಟರಿಗೂ ಮೇಲೆ, ಮೂರು ಗಂಟೆಯೊಳಗೆ ನಡೆಯಬೇಕು. ಬರೀ ನಡಿಗೆಯಲ್ಲಿ ಆಗದು, ಇಳಿಜಾರಿನಲ್ಲಿ ಓಡಲೇಬೇಕು.

82ನೇ ಡಿವಿಷನ್‌ನ ಒಂದು ಬ್ರಿಗೇಡ್ ಸದಾ ಸನ್ನದ್ಧ ಪಾಳಿಯಲ್ಲಿರುತ್ತದೆ. ಕರೆ ಬಂದ 18 ಗಂಟೆಯೊಳಗೆ ಮೊದಲ ವಿಮಾನ ಏರಬೇಕು. ಆ ತಿಂಗಳುಗಳಲ್ಲಿ ದೂರದೂರಿಗೆ ಹೋಗುವಂತಿಲ್ಲ, ಮೂಟೆ ಕಟ್ಟಿಟ್ಟಿರಬೇಕು, ಮನೆ ಬಾಡಿಗೆಯಿಂದ ಹಿಡಿದು ಮಗುವನ್ನು ಶಾಲೆಯಿಂದ ಕರೆತರುವವರವರೆಗೆ ಬರೆದಿಟ್ಟಿರಬೇಕು. 2020ರ ಹೊಸವರ್ಷಕ್ಕೆ ಕುವೈತ್, 2021ರ ಆಗಸ್ಟ್‌ನಲ್ಲಿ ಕಾಬೂಲ್ ವಿಮಾನ ನಿಲ್ದಾಣ, 2022ರ ಫೆಬ್ರುವರಿಯಲ್ಲಿ ಪೋಲೆಂಡ್. ಮೂರೂ ಸಲ ವಿಮಾನ ನೆಲಕ್ಕಿಳಿದು ಸೈನಿಕರು ನಡೆದುಕೊಂಡೇ ಹೊರಬಂದರು. ಯುದ್ಧದಲ್ಲಿ ಜಿಗಿಯುವುದು ಅಷ್ಟು ಅಪರೂಪ. ವಿಯೆಟ್ನಾಂನಲ್ಲಿ 1967ರ ಫೆಬ್ರುವರಿ 22, ಪನಾಮಾದಲ್ಲಿ 1989ರ ಡಿಸೆಂಬರ್ 20, ಉತ್ತರ ಇರಾಕಿನ ಬಶೂರ್‌ನಲ್ಲಿ 2003ರ ಮಾರ್ಚ್ 26, ಹೀಗೆ ಬೆರಳೆಣಿಕೆ. ಇಪ್ಪತ್ತು ವರ್ಷ ಸೇವೆ ಸಲ್ಲಿಸಿದ ಎಷ್ಟೋ ಜನರಿಗೆ ಆ ಅವಕಾಶ ಒಮ್ಮೆಯೂ ಬಂದಿಲ್ಲ. ಅವರ ಯುದ್ಧ ನಡೆದದ್ದು ಅಫ್ಘಾನಿಸ್ತಾನದ ಬೆಟ್ಟಗಳಲ್ಲಿ, ಕಾಲ್ನಡಿಗೆಯಲ್ಲಿ. 173ನೇ ಬ್ರಿಗೇಡ್‌ನ ಸಾಲ್ವಟೋರ್ ಜಿಂಟಾ 2007ರ ಅಕ್ಟೋಬರ್ 25ರ ರಾತ್ರಿ ಕೊರೆಂಗಲ್ ಕಣಿವೆಯಲ್ಲಿ, ಹೊಂಚುದಾಳಿಯ ನಡುವೆ, ಗಾಯಗೊಂಡ ಗೆಳೆಯನನ್ನು ಎತ್ತಿಕೊಂಡು ಹೋಗುತ್ತಿದ್ದ ಶತ್ರುಗಳ ಬೆನ್ನಟ್ಟಿ ಅವನನ್ನು ಬಿಡಿಸಿದರು. ಗೆಳೆಯ ಉಳಿಯಲಿಲ್ಲ. 2010ರಲ್ಲಿ ಅವರಿಗೆ ಅಮೆರಿಕದ ಅತ್ಯುನ್ನತ ಶೌರ್ಯ ಪದಕವಾದ ಮೆಡಲ್ ಆಫ್ ಆನರ್ ಬಂತು. ವಿಯೆಟ್ನಾಂ ನಂತರದ ಯುದ್ಧಗಳಲ್ಲಿ ಅದನ್ನು ಜೀವಂತವಾಗಿ ಪಡೆದ ಮೊದಲಿಗರು ಅವರು.

ಈಗ ತಪಾಸಣೆಯ ಕೈ ಬದಲಾಗುವ ಹಂತ. ನಾಲ್ಕೈದು ವರ್ಷಕ್ಕೆ ಸಾರ್ಜೆಂಟ್ ಆದವನು, ಕನಿಷ್ಠ 12 ಜಿಗಿತ ಮುಗಿಸಿದ್ದರೆ ಜಂಪ್‌ಮಾಸ್ಟರ್ ಶಾಲೆಗೆ ಹೋಗಬಹುದು. ಪಡೆಯಲ್ಲಿ ಎಲ್ಲರೂ ಹೆದರುವ ಶಾಲೆ ಇದು. ಮೈ ನೋಯಿಸುವುದಿಲ್ಲ, ಬುದ್ಧಿಯನ್ನು ಅರೆಯುತ್ತದೆ. ಪ್ರತಿ ಕೊಂಡಿ, ಹೊಲಿಗೆ, ಪಟ್ಟಿಯ ನಿಖರ ಹೆಸರು ಬರೆಯಬೇಕು. ಪೂರ್ವಸೂಚನೆ ಬಾಯಿಪಾಠ ಒಪ್ಪಿಸಬೇಕು. ಹಾರುವ ವಿಮಾನದ ಬಾಗಿಲಿನಿಂದ ಮೈ ಹೊರಚಾಚಿ ಹಿಂದಿನ ವಿಮಾನ, ಮುಂದಿನ ಬಯಲು ನೋಡಬೇಕು. ಇವೆಲ್ಲಕ್ಕಿಂತ ಕಠಿಣ ಪರೀಕ್ಷೆ ಐದು ನಿಮಿಷದ್ದು. ಮೂವರು ಕಟ್ಟಿಕೊಂಡು ನಿಂತಿರುತ್ತಾರೆ, ಒಬ್ಬನಿಗೆ ಪೂರ್ತಿ ಯುದ್ಧದ ಹೊರೆ. ಅವರ ಮೇಲೆ ಬೇಕೆಂದೇ ತಪ್ಪುಗಳನ್ನು ಅಡಗಿಸಿಟ್ಟಿರುತ್ತಾರೆ. ಕ್ರಮ ತಪ್ಪದೆ, ಒಂದು ಜಾಗವೂ ಬಿಡದೆ, ಐದು ನಿಮಿಷದೊಳಗೆ ಮೂವರನ್ನೂ ಮುಗಿಸಬೇಕು. ಜೀವಕ್ಕೆ ಕುತ್ತಾಗುವ ಒಂದೇ ಒಂದು ತಪ್ಪು ಕಣ್ಣು ತಪ್ಪಿಸಿದರೆ ಫೇಲು. ಸೋಲುವವರು ಸಾಮಾನ್ಯವಾಗಿ ಗೊತ್ತಿಲ್ಲದೆ ಸೋಲುವುದಿಲ್ಲ. ಗಡಿಯಾರಕ್ಕೆ ಹೆದರಿ ಕೈಗಿಂತ ಕಣ್ಣು ಮುಂದೆ ಓಡಿ ಸೋಲುತ್ತಾರೆ. ರಾತ್ರಿಯೆಲ್ಲ ಬ್ಯಾರಕ್ಕಿನಲ್ಲಿ ಒಬ್ಬರ ಮೇಲೊಬ್ಬರು ಅಭ್ಯಾಸ ಮಾಡುವುದು ಬಿಟ್ಟರೆ ಇದಕ್ಕೆ ಬೇರೆ ಉಪಾಯವಿಲ್ಲ.

ಹಿರಿಯ ಬ್ಯಾಡ್ಜ್‌ಗೆ 30 ಜಿಗಿತ, ಅದರಲ್ಲಿ 15 ಯುದ್ಧದ ಹೊರೆಯೊಂದಿಗೆ. ಮಾಸ್ಟರ್‌ಗೆ 65, ಅದರಲ್ಲಿ 25 ಹೊರೆಯೊಂದಿಗೆ. ಎರಡಕ್ಕೂ ಜಂಪ್‌ಮಾಸ್ಟರ್ ಆಗಿರುವುದು ಕಡ್ಡಾಯ, ಬರೀ ಜಿಗಿತದ ಸಂಖ್ಯೆ ಸಾಲದು. ಮುಂದಿನ ಮೆಟ್ಟಿಲುಗಳು ಸ್ಕ್ವಾಡ್ ನಾಯಕ, ಪ್ಲಟೂನ್ ಸಾರ್ಜೆಂಟ್, ಫಸ್ಟ್ ಸಾರ್ಜೆಂಟ್. ನಡುವೆ 62 ದಿನಗಳ ರೇಂಜರ್ ಶಾಲೆ ಮುಗಿಸಿದವರಿಗೆ ದಾರಿ ಸಲೀಸು.

ನಮ್ಮ ಕಡೆಯ ಕೊಂಡಿಯೊಂದನ್ನು ಇಲ್ಲಿ ಹೇಳಲೇಬೇಕು. ಕೊರಿಯಾ ಯುದ್ಧದಲ್ಲಿ 1951ರ ಮಾರ್ಚ್ 23ರಂದು ಅಮೆರಿಕದ 187ನೇ ಏರ್‌ಬೋರ್ನ್ ತಂಡ ಮುನ್ಸಾನ್ ಬಳಿ ಜಿಗಿದಾಗ ಅವರ ಜೊತೆ ಭಾರತದ 60ನೇ ಪ್ಯಾರಾಚೂಟ್ ಫೀಲ್ಡ್ ಆಂಬ್ಯುಲೆನ್ಸ್‌ನ ವೈದ್ಯಕೀಯ ತುಕಡಿಯೂ ಜಿಗಿಯಿತು. ಅದರ ಮುಂದಾಳು ಲೆಫ್ಟಿನೆಂಟ್ ಕರ್ನಲ್ ಎ.ಜಿ. ರಂಗರಾಜ್, ಮುಂದೆ ಮಹಾವೀರ ಚಕ್ರ ಪಡೆದವರು. ಭಾರತದ ಪ್ಯಾರಾಚೂಟ್ ರೆಜಿಮೆಂಟ್‌ನ ತರಬೇತಿ ಕೇಂದ್ರ ಇರುವುದು ನಮ್ಮ ಬೆಂಗಳೂರಿನಲ್ಲೇ. ಜಿಗಿತ ಕಲಿಸುವ ಶಾಲೆ ಮಾತ್ರ ಆಗ್ರಾದಲ್ಲಿ, ಅಲ್ಲೂ ರೆಕ್ಕೆ ಸಿಗುವುದು ಐದು ಜಿಗಿತಕ್ಕೇ.

ನೌಕರಿ ಬಿಡುವ ಹೊತ್ತಿಗೆ ಮಂಡಿ, ಹಿಮ್ಮಡಿ, ಸೊಂಟ, ಕಿವಿ ನಾಲ್ಕೂ ಸವೆದಿರುತ್ತವೆ. 20 ವರ್ಷ ಪೂರೈಸಿದವರಿಗೆ ಹಳೆಯ ಪದ್ಧತಿಯಲ್ಲಿ ಮೂಲವೇತನದ ಅರ್ಧ ಪಿಂಚಣಿ. 2018ರಿಂದ ಬಂದ ಪದ್ಧತಿಯಲ್ಲಿ ಅದು 40 ಶೇಕಡ, ಜೊತೆಗೆ ಉಳಿತಾಯ ಖಾತೆಗೆ ಸರ್ಕಾರದ ಪಾಲು. ಅಂಗವೈಕಲ್ಯ ಪರಿಹಾರದ ಅರ್ಜಿಯನ್ನು ಬಿಡುಗಡೆಗೆ 180ರಿಂದ 90 ದಿನ ಮುಂಚೆಯೇ ಹಾಕಬಹುದು, ಹಾಕಬೇಕು. ಆ ಅರ್ಜಿ ಸೋಲುವುದು ಬಹಳ ಸಲ ಒಂದೇ ಕಾರಣಕ್ಕೆ: ಬಯಲಿನಲ್ಲಿ ಕಾಲು ಉಳುಕಿದಾಗ "ಏನಾಗಲ್ಲ ಬಿಡು" ಎಂದು ಪಟ್ಟಿ ಸುತ್ತಿಕೊಂಡು ಓಡಿದ್ದು, ವೈದ್ಯರ ಕಾಗದದಲ್ಲಿ ಬರೆಸದೆ ಇದ್ದದ್ದು. ಹದಿನೈದು ವರ್ಷ ಕಳೆದು ಆ ಉಳುಕು ಯಾವ ಜಿಗಿತದ್ದು ಎಂದು ತೋರಿಸಲು ಉಳಿಯುವುದು 1307 ಸಂಖ್ಯೆಯ ಜಿಗಿತ ದಾಖಲೆಯ ನಮೂನೆ. ತಾರೀಖು, ವಿಮಾನ, ಹಗಲೋ ರಾತ್ರಿಯೋ, ಹೊರೆಯಿತ್ತೋ ಇಲ್ಲವೋ, ಎಲ್ಲವೂ ಒಂದೊಂದು ಸಾಲಿನಲ್ಲಿ. ವರ್ಗವಾಗುವಾಗ ಅದು ಕಳೆದುಹೋಗುವುದು ಹೆಚ್ಚು. ಪ್ರತಿ ವರ್ಗಾವಣೆಗೆ ಮುಂಚೆ ಎರಡು ಪ್ರತಿ ಮಾಡಿಸಿ ಒಂದನ್ನು ಮನೆಗೆ ಕಳಿಸಿಬಿಡಬೇಕು.